ಎಪ್ಪತ್ತಮೂರು

ಶಿಡ್ಲಘಟ್ಟದಲ್ಲಿ ಸುತ್ತುವ ಕೆಲಸ ಎರಡು ಥರ.
ಒಂದು, ಬಿಸಿನೀರ ಬಾಣಲೆಯಿಂದೆದ್ದು
ರಾಟೆಗೇರುವ ರೇಷ್ಮೆ.
ಇನ್ನೊಂದು ನನ್ನದು.

ಅಮ್ಮೀ ಬಾಣಲೆಯ ಮುಂದೆ ಇಪ್ಪತ್ತಾರು ವರ್ಷ ಕೂತಳು.
ಬೆಂದು ಬೆಂದು ಗೆರೆ ಅಳಿಸಿದ ಅವಳ ಬೆರಳನ್ನು
ಆಧಾರ್ ಯಂತ್ರ ಗುರುತಿಸಲಿಲ್ಲ.
ನನ್ನ ಬೆರಳಿಗೆ ವಾರ್ನಿಷ್.
ಅದನ್ನೂ ಗುರುತಿಸುವುದಿಲ್ಲ.

ಇಪ್ಪತ್ತನಾಲ್ಕು ಸ್ಲಾಟು,
ಸ್ಲಾಟಿಗೆ ಎಪ್ಪತ್ತೆರಡು ಸುತ್ತು, ತಂತಿ ಇಪ್ಪತ್ತಮೂರು ಗೇಜು.
ಎಣಿಕೆ ತಪ್ಪಬಾರದು, ಅದಕ್ಕೇ
ಏನು ಜರೀನಾ, ಊಟ ಆಯ್ತಾ, ಅಂದವರಿಗೆ
ನಲವತ್ತೊಂದು ಅನ್ನುತ್ತೇನೆ.
ಮಳೆ ಬರೋ ಹಾಗಿದೆಯಲ್ಲ, ಅಂದವರಿಗೆ
ನಲವತ್ತೆರಡು.

ಗುಜರಿ ಹಯಾತ್ ಬೆಳಗ್ಗೆಯೇ ಫೋನು ಹಿಡಿದು ಬರುತ್ತಾನೆ.
ಚಿಲಿಯ ಗಣಿಯಲ್ಲಿ ಮುಷ್ಕರವಂತೆ,
ಲಂಡನ್ನಿನಲ್ಲಿ ರೇಟು ಏರಿತಂತೆ.
ಚಿಲಿ ಅಂದರೆ ಬ್ಯಾಡಗಿ ಮೆಣಸಲ್ಲ ಕಣೋ, ದೇಶ, ಎಂದು
ಅವನಿಗೆ ಹೇಳಿಕೊಟ್ಟದ್ದೇ ನಾನು.
ಈಗ ನನಗೆ ಪಾಠ:
ಪಾವಗಡದ ಬಯಲಲ್ಲಿ ಬಿಸಿಲು ಹಿಡಿಯುವ ಹಲಗೆಗಳ ಕೆಳಗೆ
ಹರಿಯುವುದು ಇದೇ,
ಸದ್ದಿಲ್ಲದೆ ಹಿಂದೆ ಬಂದು ಬೆಚ್ಚಿಬೀಳಿಸುವ
ಬ್ಯಾಟರಿ ಆಟೋದ ಹೊಟ್ಟೆಯಲ್ಲೂ ಇದೇ.
ಲೋಕ ಹೊಗೆ ಕುಡಿಯೋದು ಬಿಟ್ಟು
ತಾಮ್ರ ತಿನ್ನೋಕೆ ಕೂತಿದೆ ಜರೀನಾ,
ಚೂರೂ ಪಾರೂ ಇದ್ದರೆ ನನಗೇ ಹಾಕು.

ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ರೇಟು ಬರೆಯುತ್ತಿದ್ದೆ.
ಈಗ ಬರೆಯುವುದಿಲ್ಲ,
ಮಧ್ಯಾಹ್ನಕ್ಕೆ ಹಳಸಿರುತ್ತದೆ.

ಫಿಲೇಚರಿನ ಮುನಿಶಾಮಪ್ಪ ಮೊನ್ನೆ ಸುಟ್ಟ ಮೋಟರು ತಂದ.
ಅಲ್ಯೂಮಿನಿಯಮ್ಮೇ ಸುತ್ತಮ್ಮ,
ಮೇಲೆ ಕೆಂಪು ಬಣ್ಣ ಇದ್ದೇ ಇರ್ತದೆ,
ಯಾರು ಬಿಚ್ಚಿ ನೋಡ್ತಾರೆ?
ನಾನು, ಎಂದೆ.
ಸುಟ್ಟ ದಿನ ನಾನೇ ಬಿಚ್ಚಿ ನೋಡುತ್ತೇನೆ.

ಅವನು ಗೊಣಗುತ್ತಾ ಹೋದಮೇಲೆ ಮುಚ್ಚಳ ತೆಗೆದೆ.
ಕಪ್ಪು. ಸೀದ ಬೆಲ್ಲದ ವಾಸನೆ.
ಸುರುಳಿಗಳ ತಲೆ ಬಿಗಿದ ನೂಲು
ವಾರ್ನಿಷ್ ಕುಡಿದು ಕಡ್ಡಿಯಾಗಿತ್ತು, ಅದರ ತುದಿಗೆ
ಎಡಕ್ಕೆಳೆದು ಎರಡು ಸಲ ಕುಣಿಕೆ ಹಾಕಿದ ಗಂಟು.
ಈ ಊರಲ್ಲಿ ಎಡಗೈಯಲ್ಲಿ ಗಂಟು ಹಾಕುತ್ತಿದ್ದ ವೈಂಡರು ಒಬ್ಬರೇ,
ಬ್ರಹ್ಮಯ್ಯಾಚಾರ್.

ಅವರು ತೀರಿಕೊಂಡು ಹನ್ನೊಂದು ವರ್ಷ.
ಸಾಬರ ಹುಡುಗಿಗೆ ಯಾಕೆ ಸ್ವಾಮಿ ಈ ಮಸಿ ಕೆಲಸ,
ಎಂದು ಬೀದಿ ಕೇಳಿದಾಗ
ಜವಾಬು ಹೇಳದೆ ನನ್ನ ಕೈಗೆ ಬಿದಿರ ಸೀಳು ಕೊಟ್ಟಿದ್ದರು.
ತಂತೀನ ತುರುಕಬೇಡ, ಮಲಗಿಸು.
ಅವರ ತಾತ ಬಡಿದದ್ದು ಚೊಂಬು, ಕೊಳಗ,
ಅಪ್ಪ ಹಾಕಿದ್ದು ಹಂಡೆಗೆ ತೇಪೆ.
ಅದೇ ತಾಮ್ರ ಮಗಾ, ನೀರು ಹಿಡಿಯೋದು ಬಿಟ್ಟು
ಕರೆಂಟು ಹಿಡಿದಿದೆ ಅಷ್ಟೇ,
ಎಂದು ಬೀಡಿ ಹಚ್ಚುತ್ತಿದ್ದರು.

ಉಳಿಯಿಂದ ಒಂದು ಬದಿ ಕತ್ತರಿಸಬೇಕು,
ಕಾಯಿಸಿ ಇನ್ನೊಂದು ಬದಿಯಿಂದ ಎಳೆಯಬೇಕು.
ನೂರಾರು ಸಲ ಮಾಡಿದ್ದೇನೆ.
ಕೈ ನಿಂತಿತು.

ಸುಮ್ಮನೆ ಎಣಿಸಿದೆ.
ಎಪ್ಪತ್ತೆರಡು ಇರಬೇಕಾದಲ್ಲಿ ಎಪ್ಪತ್ತಮೂರು.
ಪಕ್ಕದ್ದರಲ್ಲೂ. ಅದರಾಚೆಯದರಲ್ಲೂ.
ಲೆಕ್ಕ ತಪ್ಪುವ ಮನುಷ್ಯರಲ್ಲ.
ರಾತ್ರಿ ವೋಲ್ಟೇಜು ಏರಿ ಬಲ್ಬು ಸಿಡಿಯುವ ಬೀದಿ ಅದು,
ಸ್ಲಾಟಿಗೊಂದು ಸುತ್ತು ತಮ್ಮ ಕೈಯಿಂದ ಹಾಕಿ
ಬಿಲ್ಲಿನಲ್ಲಿ ಬರೆಯದೆ ಬಿಟ್ಟಿದ್ದಾರೆ.

ತಕ್ಕಡಿಯಲ್ಲಿ ಒಂದು ಕಿಲೋ ಒಂಬೈನೂರು.
ಹಯಾತ್ ಫೋನು ನೋಡಿದ, ಹಣ ಎಣಿಸಿದ,
ಒಳ್ಳೇ ಹಳೇ ಮಾಲು, ಎಂದ.
ಲಂಡನ್ನಿಗೆ ಎಡಗೈ ಬಲಗೈ ಏನು ಗೊತ್ತು.
ಗಂಟನ್ನು ಮೊದಲೇ ಕತ್ತರಿಸಿ
ಸ್ಕ್ರೂ ಡಬ್ಬಿಯಲ್ಲಿ ಹಾಕಿಟ್ಟಿದ್ದೆ.
ನೂಲು ತಾನೆ, ಅದಕ್ಕೆ ರೇಟಿಲ್ಲ.

ಸಂಜೆ ಹೊಸ ತಂತಿಯ ಬಾಬಿನು ಬಿಚ್ಚಿದೆ.
ಹೊಸ ತಾಮ್ರಕ್ಕೆ ತೊಳೆದ ಮಗುವಿನ ಕೆನ್ನೆಯ ಬಣ್ಣ.
ಎಪ್ಪತ್ತು, ಎಪ್ಪತ್ತೊಂದು,
ಫಿಲೇಚರಿನ ಸೈರನ್ನು ಕೂಗಿತು,
ಎಪ್ಪತ್ತೆರಡು,
ಅಮ್ಮೀ ಚಹಾ ಇಟ್ಟು ಏನೋ ಕೇಳಿದಳು.

ಎಪ್ಪತ್ತಮೂರು, ಎಂದೆ.