ಜಾಗ ಸಾಲದು

ಲಗ್ಗೆರೆಯ ಈ ಹತ್ತು ಬೈ ಹನ್ನೆರಡರ ಕೋಣೆ
ಮೊದಲು ನಮ್ಮಪ್ಪನ ಹಿಟ್ಟಿನ ಗಿರಣಿ.
ಈಗಲೂ ಕನ್ಸೋಲಿನ ಬೆನ್ನು ಬಿಚ್ಚಿದರೆ
ಫ್ಯಾನಿನ ರೆಕ್ಕೆಗೆ ರಾಗಿಯ ಪುಡಿ.
ರಿಪೇರಿಯ ಹುಡುಗ ಮೂಸಿ ನೋಡಿ
'ಏನಕ್ಕಾ, ಇದಕ್ಕೂ ಮುದ್ದೆ ಹಾಕ್ತೀರಾ?' ಅಂದ.

ಗಂಟೆಗೆ ನಲವತ್ತು. ಇಬ್ಬರಾದರೆ ಅರವತ್ತು.
ಸಾಲ ಹೇಳಿದವರ ಹೆಸರು
ಗೋಡೆಯ ಮೇಲೆ, ಸೀಮೆಸುಣ್ಣದಲ್ಲಿ.

ಗುರುವಾರ ಶಾಲೆ ಬಿಟ್ಟ ಮೇಲೆ ಯಾರೂ ಆಡುವುದಿಲ್ಲ.
ಬರಲಿರುವ ಆಟಗಳ ಪಟ್ಟಿ ಓದುತ್ತಾರೆ.
ಯುಗಾದಿಯ ಪಂಚಾಂಗದ ಹಾಗೆ, ಗಟ್ಟಿಯಾಗಿ, ತಪ್ಪು ತಪ್ಪಾಗಿ,
ಓದುವವನು ತಬ್ರೇಜ್:
ಹದಿನಾಲ್ಕಕ್ಕೆ, ನೀರಲ್ಲಿ ಮುಳುಗಿದ ಊರು.
ಇಪ್ಪತ್ತೊಂದಕ್ಕೆ, ಹಿಮದಲ್ಲಿ ಲಾರಿ ಓಡಿಸುವುದು.
ತಿಂಗಳ ಕೊನೆಗೆ ಒಂದು ಬಸವನಹುಳ
ಬಾವಿಯ ಗೋಡೆ ಹತ್ತುತ್ತದೆ, ಅಷ್ಟೇ.
'ಅಷ್ಟೇನಾ?' ಎಂದು ನಕ್ಕವರಿಗೆ
ಮೂಲೆಯಿಂದ ಎಸ್ತರ್:
'ಅಷ್ಟಕ್ಕೇ ಅದಕ್ಕೆ ಎಷ್ಟು ಹೊತ್ತು ಬೇಕು ಗೊತ್ತೇನ್ರೋ!'

ತಾರೀಖಿಲ್ಲದೆ 'ಶೀಘ್ರದಲ್ಲಿ' ಎಂದಷ್ಟೇ ಇರುವ ಆಟಗಳೂ ಉಂಟು.
ಅವುಗಳ ವಿಷಯದಲ್ಲಿ ನಾನು ಅನುಭವಸ್ಥೆ.
ನಮ್ಮ ಅಡ್ಡರಸ್ತೆಗೆ ಶೀಘ್ರದಲ್ಲಿ ಕಾವೇರಿ ನೀರು
ಎಂಬ ಬೋರ್ಡಿಗೇ
ಎರಡು ಸಲ ಹೊಸ ಬಣ್ಣ ಹೊಡೆದಾಯಿತು.

ಮುಂಚೆ ಆಟ ಡಬ್ಬಿಯಲ್ಲಿ ಬರುತ್ತಿತ್ತು.
ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡಿ,
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆ.
ಗೀರು ಬಿದ್ದರೆ ಹಲ್ಲುಜ್ಜುವ ಪೇಸ್ಟು ಸವರಿ ಒರೆಸುತ್ತಿದ್ದೆ.
ಈಗ ಬರುವುದಕ್ಕೆ ಡಬ್ಬಿಯಿಲ್ಲ, ತೂಕವಿಲ್ಲ,
ಆದರೂ ಕೂರಲು ಜಾಗ ಕೇಳುತ್ತದೆ.
ಆ ಲಾರಿಗೆ ತೊಂಬತ್ತೆರಡು ಜಿಬಿ.
ಪರದೆ ಮುಲಾಜಿಲ್ಲದೆ ಹೇಳಿತು:
ಜಾಗ ಸಾಲದು. ಯಾವುದಾದರೂ ಒಂದನ್ನು ಅಳಿಸಿ.

ಯಾರೂ ಆಡದ್ದು ಒಂದೇ ಇತ್ತು, ಕುದುರೆಯ ಆಟ.
ಅದು ಮುನಿಕೃಷ್ಣನದು.
ಅವರಪ್ಪನಿಗೆ ನೆಲಮಂಗಲದ ಗೋಡೌನಿನಲ್ಲಿ ಕೆಲಸವಾಗಿ
ಟೆಂಪೋ ಹಿಂದೆ, ಮಂಚದ ಕಾಲುಗಳ ನಡುವೆ ಕೂತು ಹೋದವನು
'ಅಕ್ಕಾ, ಹೊಳೆ ದಾಟಿಸೋದು ಬಾಕಿ, ಬರ್ತೀನಿ' ಅಂದಿದ್ದ.
ಹನ್ನೊಂದು ತಿಂಗಳು.
ರಾತ್ರಿ ಷಟರ್ ಎಳೆಯುವ ಮುಂಚೆ
ಒಮ್ಮೊಮ್ಮೆ ತೆರೆದು ನೋಡುತ್ತೇನೆ, ಸುಮ್ಮನೆ.
ಹೊಳೆ ಹರಿಯುತ್ತಲೇ ಇದೆ.
ಕುದುರೆ ಬಾಲ ಆಡಿಸುತ್ತದೆ,
ಯಾರೂ ಒತ್ತದ ಗುಂಡಿಗೆ ಕಿವಿ ನಿಮಿರಿಸಿಕೊಂಡು.
ನಾನು ಒತ್ತಿಲ್ಲ. ಅದು ನನ್ನ ಹೊಳೆಯಲ್ಲ.

ಇಪ್ಪತ್ತರ ಸಂಜೆ ನನ್ನ ಮುಖ ನೋಡಿ
ತಬ್ರೇಜ್ ಮೇಷ್ಟ್ರ ಥರ ವಿವರಿಸಿದ:
'ಆಟ ಅಳಿಸಿದ್ರೆ ಹೊಳೆ ಹೋಗತ್ತೆ, ಕುದುರೆ ಹೋಗತ್ತೆ.
ಅವನು ಎಲ್ಲಿಗೆ ನಿಲ್ಲಿಸಿದ್ನೋ ಆ ಜಾಗ ಮಾತ್ರ
ಒಳಗೇ ಇರತ್ತಕ್ಕಾ.
ಅದಕ್ಕೆ ಬೆರಳುಗುರಿನಷ್ಟು ಸಾಕು.'

ಗೋಡೆಯ ಮೇಲೆ ಅವನದು ಇಪ್ಪತ್ತು ರೂಪಾಯಿ ಇದೆ.
ಅದಕ್ಕೆಷ್ಟು ಜಿಬಿಯೋ, ಕೇಳಲಿಲ್ಲ.

ಅಳಿಸಿದೆ.
ಮಧ್ಯರಾತ್ರಿ ಹನ್ನೆರಡಕ್ಕೆ ಲಾರಿ ಹೊರಟಿತು, ಎಲ್ಲಿಂದಲೋ.
ನಾಲ್ಕು ಪರ್ಸೆಂಟಿಗೆ ಕರೆಂಟು ಹೋಯಿತು.
ಬಂತು. ಒಂಬತ್ತಕ್ಕೆ ನೆಟ್ಟು ಹೋಯಿತು.
ಮನೆಯಲ್ಲಿ ಹೇಳಿ ಬಂದ ಮೂವರು, ಹೇಳದೆ ಬಂದ ಇಬ್ಬರು
ಗೋಡೆಗೊರಗಿ ತೂಕಡಿಸುತ್ತಿದ್ದಾರೆ,
ಇದೇ ಗೋಡೆಗೆ ಹಿಂದೆ ಒರಗಿರುತ್ತಿದ್ದ
ಜೋಳದ ಚೀಲಗಳ ಹಾಗೆ, ಬಾಯಿ ತೆರೆದು.
ಎಸ್ತರ್ ಒಬ್ಬಳಿಗೇ ಎಚ್ಚರ.
'ಬಸವನಹುಳಕ್ಕೆ ಎಷ್ಟು ಬೇಕಕ್ಕಾ?'
ಒಂದೂವರೆ ಜಿಬಿ ಅಂದೆ.
'ಹಂಗಾದ್ರೆ ಯಾರನ್ನೂ ಕಳಿಸೋದು ಬೇಡ' ಅಂದಳು,
ಬೆರಳಲ್ಲಿ ದಿನ ಎಣಿಸುತ್ತಾ.

ಅಪ್ಪ ಬೀಳುವ ಹಿಟ್ಟಿಗೆ ಅಂಗೈ ಒಡ್ಡಿ
ನುಣುಪು ನೋಡುತ್ತಿದ್ದ.
ನಾನು ಕನ್ಸೋಲಿನ ಬೆನ್ನ ಮೇಲೆ ಕೈಯಿಟ್ಟೆ.
ಬಿಸಿ. ಈಗತಾನೆ ಬೀಸಿದಷ್ಟು.
ನಲವತ್ತೊಂದು ಪರ್ಸೆಂಟು.