ಹೊಗಿ ಮನಿ ಬಿಟ್ಟ ದಿನ

ಮೈಂದರಗಿಯೊಳಗ ನನ್ನ ಮಾರಿಗಿಂತ
ನನ್ನ ರೊಟ್ಟಿ ಗುರ್ತು ಹೆಚ್ಚು.
ದಿನಕ್ಕ ನೂರಾ ಇಪ್ಪತ್ತು ಬಡೀತೀನಿ,
ಎರಡು ಖಾನಾವಳಿಗೆ, ಒಂದು ಹಾಸ್ಟೆಲಿಗೆ.
ಜ್ವಾಳದ ರೊಟ್ಟಿಗೆ ಉಪ್ಪು ಹಾಕಂಗಿಲ್ಲ.
"ಆದ್ರೂ ಉಪ್ಪುಪ್ಪು ಹತ್ತತದ, ನಿಂಬೆವ್ವಾ" ಅಂತಿದ್ರು.
ನಾನು ಸೆರಗಿಲೆ ಕಣ್ಣೊತ್ತಿ
ಮುಂದಿನ ಹಿಟ್ಟಿನುಂಡಿ ತಗೋತಿದ್ನಿ.

ನಬಿಲಾಲ ಬಂದ, ತಗಡಿನ ಕೆಲಸದಾಂವ,
ಸೈಕಲ್ಲಿಗೆ ಮೂರು ಕೊಳವಿ ಕಟಗೊಂಡು.
ಒಲಿ ನೋಡಲಿಲ್ಲ, ಮೊದಲ ಮ್ಯಾಲ ನೋಡಿದ:
ಹೊಗಿ ಕುಡದು ಕರ್ರಗಾದ ಬೇವಿನ ಜಂತಿ,
ಜಂತಿ ಮ್ಯಾಲ ತೊಗರಿಕಟಗಿ,
ಕಟಗಿ ಮ್ಯಾಲ ಮಣ್ಣು.
"ಇದು ಮಾಳಗಿ ಅಲ್ಲ ಅಕ್ಕಾ, ಒಣಾ ಬಣವಿ.
ಕಾದ ಕೊಳವಿ ಇದಕ್ಕ ಮೈ ಹಚ್ಚಬಾರದು."

ಒಂದು ತೂತು ಸಾಕಲ್ಲೋ ಅಂದ್ನಿ.
ಅಂವ ಬಾವಿನ ತೋಡಿದ.
ಸುತ್ತ ಒಂದು ಮೊಳ ಕಟಗಿ ಕಿತ್ತು,
ಶಹಾಬಾದಿ ಫರಸಿ ಕುಂದರಿಸಿ,
ಅದರ ನಡುವ ಕೊಳವಿ ನಿಂದರಿಸಿದ,
ಮೊದಲ ದಿನದ ಸೊಸಿ ನಿಂತಾಂಗ,
ಯಾರಿಗೂ ತಾಗದ.

ಕೆಲಸ ಮಾಡಕೋತ ಮಾತು:
"ಮ್ಯಾಲಿನ ಕೊಳವಿ ಕೆಳಗಿನದರ ಒಳಗ ಕುಂದ್ರಬೇಕು.
ಡಾಂಬರ ಇಳದ್ರ ಒಳಗ ಇಳೀಲಿ,
ನಿನ್ನ ಗ್ವಾಡಿಗೆ ಯಾಕ?"
ಕೊಳವಿ ಒಂಚೂರು ಮೂಲಿಗೆ ಬಾಗಸು,
ಪಡಸಾಲಿಗೆ ಚಂದ ಕಾಣತದ ಅಂದ್ನಿ.
"ಹೊಗಿ ಅಂದ್ರ ಮೊಣಕಾಲ ನೋವಿನ ಮುದುಕಿ.
ನೆಟ್ಟಗ ಹತ್ತತಾಳ. ತಿರುವು ಬಂದ್ರ
ಅಲ್ಲೇ ಕುಂತು ಬೈತಾಳ."

ಬೆಕ್ಕು ಬರತದಂತ ನಾನು
ಬೆಳಕಿಂಡಿಗೆ ಗೋಣಿ ತುರಕಿದ್ನಿ.
ಅದನ್ನ ಕಂಡಾಂವ ಸುತಗಿ ಕೆಳಗಿಟ್ಟ.
"ಇದ ತಗಿ."
ಯಾಕೋ?
ಭಾಳ ಹೊತ್ತು ಮಾತಾಡಲಿಲ್ಲ.
"ನನ್ನ ತಮ್ಮ, ಸೊಲ್ಲಾಪುರದಾಗ, ಮಗ್ಗದ ಖೋಲಿ.
ಎಳ್ಳಮಾಸಿ ಥಂಡಿ. ಇದ್ದಲಿ ಶೇಗಡಿ ಒಳಗಿಟಗೊಂಡು
ಕದ ಹಾಕಿದ್ರು, ಕಿಡಕಿ ಹಾಕಿದ್ರು.
ಹೊಗಿ ಇರಲಿಲ್ಲ ಅಕ್ಕಾ. ವಾಸನಿನೂ ಇರಲಿಲ್ಲ.
ಮುಂಜಾನಿ ಮೂವರದೂ ಮಾರಿ ಕೆಂಪಗ,
ಜಾತ್ರಿಗೆ ಹೊಂಟವರಾಂಗ.
ಕಣ್ಣೀರ ತರಸೋ ಹೊಗಿ ಹಗೆ ಅಲ್ಲ,
ಅದು ಬಾಗಿಲಾ ಬಡದು ಬರತದ."

ನಾ ಗೋಣಿ ತಗದ್ನಿ.
ಅಂವ ಸುತಗಿ ಎತಗೊಂಡ.

ಸಂಜೀಗೆ ಒಲಿ ಹಚ್ಚಿದ್ರ,
ಇದ್ದಬದ್ದ ಹೊಗಿ ಎಲ್ಲಾ ಮನಿಯೊಳಗೇ!
ನಾನು ಕೆಮ್ಮಿದ್ನಿ, ಅಂವ ಕೆಮ್ಮಿದ,
ಬೆಕ್ಕು ಓಡಿತು.
"ಕೊಳವಿಗೆ ಥಂಡಿ ಹತ್ಯಾದ" ಅಂತ
ಬುಡದ ಮುಚ್ಚಳಾ ತಗದು
ಹಳೇ ಪೇಪರ್ ಸುತ್ತಿ ಉರಿ ಹಚ್ಚಿ ಒಳಗಿಟ್ಟ.
ಒಂದು ಗಳಿಗಿ ಏನೂ ಇಲ್ಲ.
ಆಮ್ಯಾಲ ಬುಸ್ಸಂತ
ಉಸರ ಎಳಕೊಂತು ತಗಡು,
ಒಲಿ ಬಾಯಿಂದ ಹೊಗಿ ಹಿಂದಕ್ಕ ಸರೀತು.

ನಿಚ್ಚಣಿಕಿ ಹತ್ತಿ ಮಾಳಗಿಗೆ ಹೋದ್ನಿ.
ಮೂವತ್ತು ವರ್ಷ ಮೈಯಾಗ ಹೊತ್ತ ಹೊಗಿ,
ಅವತ್ತ ನೋಡಿದ್ನಿ ಅದನ್ನ ಹೊರಗ ನಿಂತು.
ಇಷ್ಟ ತೆಳ್ಳಗ ಇತ್ತೇನು?
ಇಷ್ಟ ನೀಲಿ?

ಅಷ್ಟರಾಗ ಬಾಜು ಮಾಳಗಿಯಿಂದ ಸುಗಲಾಬಾಯಿ:
"ಏ ನಿಂಬೆವ್ವಾ! ನನ್ನ ಹಪ್ಪಳ
ನಿನ್ನ ಹೊಗಿ ತಿನ್ನಾಕತ್ತಾವ!"
ಗಾಳಿ ಆಕಿ ಗ್ವಾಡಿಗೆ ಬಡದು
ಹೊಳ್ಳಿ ನನ್ನ ಕೊಳವಿಗೇ ಬರತಿತ್ತು.
ನಬಿಲಾಲ ತಲಿ ಕೆರಕೊಂಡ:
ಇನ್ನೆರಡು ಮೊಳ ಏರಸಬೇಕು,
ಆಕಿ ಗ್ವಾಡಿ ದಾಟಬೇಕು, ಮೂರು ತಂತಿ ಬಿಗೀಬೇಕು.
ರೊಕ್ಕ ಯಾರದು? ಬೈದಾಡಿದ್ವಿ ದೀಪ ಹಚ್ಚೂ ತನಕ.
ತಂತಿ ಆಕಿದು, ತಗಡು ನಂದು,
ವಾರಕ್ಕ ಹತ್ತು ರೊಟ್ಟಿ ಆಕೀಗೆ. ಹಿಂಗ ಮುಗೀತು.

ಈಗ ಅಮಾಸಿಗೊಮ್ಮೆ
ಹಗ್ಗಕ್ಕ ಜಾಲಿಮುಳ್ಳು ಕಟ್ಟಿ ಕೊಳವಿಯೊಳಗ ಬಿಡತೀನಿ.
ಬೊಗಸಿ ಬೊಗಸಿ ಕಾಡಿಗಿ ಬೀಳತದ.
ಬಿಟ್ಟರ ಅದಾ ಒಂದಿನ ಉರಿ ಹಿಡೀತದಂತ.

ಜಂತಿ ಮಾತ್ರ ಇನ್ನೂ ಕರ್ರಗದಾವ.
ರೊಟ್ಟಿ ಸಪ್ಪಗಾಗ್ಯಾವ ಅಂತಾರ ಹಾಸ್ಟೆಲ್ ಹುಡುಗರು.

ನಿನ್ನೆ ರಾತ್ರಿ ಥಂಡಿ ಗಾಳಿ ಬೆಳಕಿಂಡಿಯಿಂದ
ಕಾಲಾಗ, ಕಿವಿಯಾಗ.
ಎದ್ದು ಗೋಣಿ ಕೈಯಾಗ ಹಿಡದ್ನಿ.
ಒಲಿಯೊಳಗ ಇದ್ದಲಿ ಇನ್ನೂ ಕೆಂಪಗಿತ್ತು.
ಗೋಣಿ ಹೊಚಗೊಂಡು ಮಲಗಿದ್ನಿ.