ನಲವತ್ತೊಂದು ಚೀಟಿ

ಸೋಮವಾರ ಬೆಳಿಗ್ಗೆ ಟ್ಯಾಂಕು ಬರಿದು.
ಶನಿವಾರ ಮಧ್ಯಾಹ್ನದಿಂದ ಸುರಿದ ನೀರು
ಧ್ವಜದ ಕಟ್ಟೆಯಾಚೆ ಕೆಸರಾಗಿ,
ಅದರಲ್ಲೊಂದು ಎಮ್ಮೆ, ಯಾರದೆಂದು ಗೊತ್ತಿಲ್ಲ,
ನಮ್ಮ ಶಾಲೆಯ ಏಕೈಕ ಸಂತೃಪ್ತ ಫಲಾನುಭವಿ.

ಬಿಸಿಯೂಟದ ಸಿದ್ದಲಿಂಗಮ್ಮ ಕೊಡ ತಲೆಕೆಳಗು ಮಾಡಿ
"ಬೇಳೇನ ನಿಮ್ಮ ಪಾಠದಾಗೆ ಬೇಯಿಸ್ಲಾ ಮೇಷ್ಟ್ರೇ?" ಅಂದಳು.
ಬೆತ್ತವಿಲ್ಲದ ಕಾಲದ ಮೇಷ್ಟ್ರು ನಾನು,
ಎಂಟನೇ ತರಗತಿಯಲ್ಲಿ ನಿಂತು ಬೆತ್ತದಂಥ ದನಿ ತೆಗೆದೆ:
"ಯಾರು?"

ನಲವತ್ತು ಬೆರಳು ನಲವತ್ತು ದಿಕ್ಕಿಗೆ.
ಹಾಲೇಶ ಸೆಲ್ವಿಯತ್ತ, ಸೆಲ್ವಿ ಗೋಡೆಯಾಚೆಯ ಒಂಬತ್ತನೆಯವರತ್ತ,
ಶಾಹಿಸ್ತಾ ಕಿಟಕಿಯಾಚೆಯ ಎಮ್ಮೆಯತ್ತ.
ನನ್ನ ಬೆರಳೂ ಇತ್ತು ಗಾಳಿಯಲ್ಲಿ. ಅದು ಅವರೆಲ್ಲರತ್ತ.

ಅದನ್ನು ಮಡಚಿದ್ದು ಹೇಗೋ ಈಗ ನೆನಪಿಲ್ಲ.
ಸೀಮೆಸುಣ್ಣ ಹಿಡಿಯಬೇಕಾಗಿತ್ತು, ಬಹುಶಃ ಅಷ್ಟೇ.
ಹಲಗೆಯ ಮೇಲೆ ಬರೆದೆ:
ನಲ್ಲಿ ಸುರಿಯುವುದನ್ನು ಕಂಡಾಗ ನಾನೇನು ಮಾಡಿದೆ?
ಹೆಸರು ಬೇಡ. ಬೇರೆಯವರ ಹೆಸರಂತೂ ಬೇಡವೇ ಬೇಡ.

ಕಾಗದದ ಕಾರ್ಖಾನೆ ಬಾಗಿಲು ಹಾಕಿ ಕೂತ ಊರು ನಮ್ಮ ಭದ್ರಾವತಿ;
ಆದರೂ ಮಕ್ಕಳ ಬ್ಯಾಗಿನಲ್ಲಿ ಚೀಟಿಗೆ ಬರವಿಲ್ಲ.
ಪರ್ರನೆ ಹರಿದರು. ಬರೆಯುವುದು ಮಾತ್ರ ತಡವಾಯಿತು.
ಪರೀಕ್ಷೆಯಲ್ಲೂ ಅಷ್ಟು ಹೊತ್ತು ಪೆನ್ನು ಕಚ್ಚಿದ್ದನ್ನು ನಾ ಕಂಡಿಲ್ಲ.

"ನೋಡಿದೆ. ಬಸ್ಸು ಬಂತು."
"ತಿರುಗಿಸಿದೆ. ತಿರುಪು ಸುಮ್ಮನೆ ಸುತ್ತುತ್ತಿತ್ತು. ಬಿಟ್ಟೆ."
"ಅವತ್ತಿನ ಸರದಿ ನಮ್ಮ ಸಾಲಿನದಲ್ಲ."
"ನೋಡಿದೆ ಅಂದವರೇ ಬಿಟ್ಟವರು ಅಂತಾರೆ, ಅದಕ್ಕೆ ಹೇಳಲಿಲ್ಲ."
ಇದೊಂದನ್ನು ಎರಡು ಸಲ ಓದಿದೆ.
ನಮ್ಮ ಓಣಿ, ನಮ್ಮ ಸ್ಟಾಫ್ ರೂಮು, ನನ್ನ ಮನೆ
ಎಲ್ಲ ಅದರೊಳಗೇ ಇತ್ತು.
ಒಂದು ಚೀಟಿ ಖಾಲಿ.
ಇನ್ನೊಂದರಲ್ಲಿ, ಅಳಿಸಿ ಅಳಿಸಿ ಕಾಗದ ತೂತಾದ ಪಕ್ಕ,
"ಬಿಟ್ಟದ್ದು ನಾನೇ. ಕಾಮನಬಿಲ್ಲು ಬರುತ್ತಾ ನೋಡ್ತಿದ್ದೆ.
ಬಂತು."

ಎಣಿಸಿದೆ: ನಲವತ್ತು.
"ಮೇಷ್ಟ್ರು ಬರೀಲಿಲ್ಲ," ಹಿಂದಿನ ಬೆಂಚಿನಿಂದ ಯಾರೋ, ಮೆಲ್ಲಗೆ.
ಪೌರನೀತಿಯ ಪುಸ್ತಕ ಮುಚ್ಚಿ ಅದರ ಬೆನ್ನ ಮೇಲೇ ಬರೆದೆ:
"ಶನಿವಾರ ಸ್ಕೂಟರು ಒದೆಯುತ್ತಿದ್ದೆ. ಸದ್ದು ಕೇಳಿತು.
ಮಳೆ ಅಂದುಕೊಳ್ಳಲು ನೋಡಿದೆ. ಬಿಸಿಲಿತ್ತು."
ಗಟ್ಟಿಯಾಗಿ ಓದಿದೆ. ಯಾರೂ ನಗಲಿಲ್ಲ.
ನಕ್ಕಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ಆಮೇಲೆ ಎಲ್ಲ ಸರಿಹೋಯಿತು ಅಂತ ಬರೆಯಬಹುದು. ಹೋಗಲಿಲ್ಲ.
ಪಾಳಿಯ ಪಟ್ಟಿ ಅಂಟಿಸಿದರು, ಮೂರೇ ದಿನಕ್ಕೆ ಅದರ ಮೇಲೆ ಜಗಳ.
ಪಟ್ಟಿಗೆ ಯಾರೋ ಮೀಸೆ ಬರೆದರು.
ಆದರೆ ತಿರುಪು ಕೆಟ್ಟದ್ದು ನಿಜ. ನಗರಸಭೆಗೆ ಅರ್ಜಿ ಬೇಕು.
ಅದರ ಮೊದಲ ಸಾಲು ನಾನು ಹೇಳಿಕೊಟ್ಟದ್ದಲ್ಲ:
"ಮಾನ್ಯರೇ, ನೀರು ಚೆಲ್ಲಿದವರಲ್ಲಿ ನಾವೂ ಇದ್ದೇವೆ.
ಈಗ ತಿರುಪಿನ ವಿಷಯ."

ಗುಮಾಸ್ತ ಕುಬೇರಪ್ಪ ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.
ಸೀಲು ಎತ್ತಿದ ಕೈ ಹಾಗೇ ನಿಂತಿತು.
"ಇಪ್ಪತ್ತಾರು ವರ್ಷ ಆಯ್ತು ಇಲ್ಲಿ.
ಇದನ್ನ ಯಾವ ಫೈಲಿಗೆ ಹಾಕೋದು ಗೊತ್ತಾಗ್ತಿಲ್ಲ."
ಅವರ ಬೆನ್ನ ಹಿಂದೆ, ಮೂಲೆಯಲ್ಲಿ, ತೊಟ್ಟಿಕ್ಕುವ ಫಿಲ್ಟರಿನ ಕೆಳಗೆ
ಪೇಂಟಿನ ಡಬ್ಬವೊಂದು ತುಂಬಿ ಚೆಲ್ಲುತ್ತಿತ್ತು.

ಶಾಹಿಸ್ತಾ ನೋಡಿದಳು. ಬೆರಳು ತೋರಿಸಲಿಲ್ಲ.
ಎದ್ದು ಹೋಗಿ, ಡಬ್ಬ ಎತ್ತಿ, ಬಾಗಿಲಾಚೆಯ ದಾಸವಾಳಕ್ಕೆ ಸುರಿದು,
ಮತ್ತೆ ಅದೇ ಜಾಗದಲ್ಲಿಟ್ಟು ಬಂದು ಕೂತಳು.
ಖಾಲಿ ಡಬ್ಬದಲ್ಲಿ ಹನಿಯ ಸದ್ದು ಈಗ ಜೋರು.

ಕುಬೇರಪ್ಪ ಕೇಳಿಸಿಕೊಂಡರು.
ಸೀಲು ಕೆಳಗಿಟ್ಟು
ಖಾಲಿ ಹಾಳೆಯೊಂದನ್ನು ಹತ್ತಿರ ಎಳೆದುಕೊಂಡರು.